ಬಾಗಿಲ ಮೇಲಿನ ಮಾಟಗಾತಿ

ಥಿನ್ನರ್ ಹಚ್ಚಿದ ಬಟ್ಟೆಯಿಂದ ಕೆಂಪು ಇಳಿಯುತ್ತಿದೆ, ಮುಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಹೊಸ್ತಿಲಿಗೆ, ಶ್ರೀವಾಣಿ ದೊಡ್ಡಮ್ಮನ ಬಾಗಿಲು ಉಜ್ಜುತ್ತಿದ್ದಾಳೆ, ಮಾವಿನ ಕ್ರೇಟುಗಳ ಮೇಲೆ ಹೆಸರು ಬರೆಯುವ ಬಣ್ಣ ಇದು, ಬಿಸಿಲಿಗೂ ಮಳೆಗೂ ಜಗ್ಗದ್ದು, ರಾತ್ರಿ ಯಾರೋ ಬಾಗಿಲ ಮೇಲೆ ಬರೆದುಹೋದ ಮಾಟಗಾತಿಯ ಕೂದಲು ಹೋಯಿತು, ಸೆರಗು ಹೋಯಿತು, ಗಲ್ಲದ ಹಚ್ಚೆಯ ಮೂರು ಚುಕ್ಕಿ ಹೋಗುತ್ತಿಲ್ಲ — ನೋಡಿಕೊಂಡೇ ಬರೆದಿದ್ದಾರೆ, ಶ್ರೀವಾಣಿಯದೇ ಕಾಮಿಕ್ಸ್ ಎದುರಿಗಿಟ್ಟುಕೊಂಡು, ಮೂವರು ಮಾಟಗಾತಿಯರು ಸೆರಗನ್ನೇ ರೆಕ್ಕೆ ಮಾಡಿಕೊಂಡು ತೋಪುಗಳ ಮೇಲೆ ಹಾರುವ ಕಾಮಿಕ್ಸ್, ಹಿರಿಯವಳಿಗೆ ದೊಡ್ಡಮ್ಮ ದೊಡ್ಡಗಂಗಮ್ಮನದೇ ಮುಖ, ಗಲ್ಲದ ಚುಕ್ಕಿ ಸಮೇತ. ಬೇರೆ ಮುಖ ಬರೆಯಲು ಬಂದಿದ್ದರೆ ತಾನೆ. ಅಮ್ಮ ಸತ್ತು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಯಲ್ದೂರಿನ ಈ ಜಗಲಿಯಲ್ಲಿ ಕೂತು, ದೊಡ್ಡಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರೆ ನೋಡಿ ನೋಡಿ ಕಲಿತ ಮುಖ, ಏನೇ ಇದು, ನನ್ ಮೂಗನ್ನ ಬದನೆಕಾಯಿ ಮಾಡಿದೀಯಲ್ಲೇ, ಎಂದು ದೊಡ್ಡಮ್ಮ ನಗುತ್ತಿದ್ದಳು, ನಗುತ್ತಿದ್ದಾಗಲೇ ಒಂದು ಮಧ್ಯಾಹ್ನ ನಗು ನಿಲ್ಲಿಸಿ ಹೇಳಿದ್ದಳು, ಗಂಡ ಬಿಟ್ಟುಹೋಗಿ ಎರಡು ವರ್ಷದ ಮೇಲೆ ಒಂದು ಕೂಸು ಹುಟ್ಟಿತ್ತು ಕಣೇ, ಉಸಿರಿರಲಿಲ್ಲ, ಸೂಲಗಿತ್ತೀನೂ ಕರೀಲಿಲ್ಲ, ಹಳೇ ಸೀರೆ ಸುತ್ತಿ ತೋಪಿನ ಬೇಲಿ ಪಕ್ಕ ನಾನೇ ಮಣ್ಣು ಮಾಡ್ದೆ, ಸುತ್ತಿದ್ರೂ ಒಂದು ಪಾದ ಹೊರಗೇ ಉಳೀತು, ಸೀರೆ ಸಾಲ್ಲಿಲ್ಲ, ಯಾರ್ಗೂ ಹೇಳ್ಬೇಡ. ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ, ಬರೆದಳು. ಹನ್ನೊಂದನೇ ಪುಟ, ತೋಪು, ಬೇಲಿ, ಮಂಡಿಯೂರಿದ ಮಾಟಗಾತಿ, ಸೀರೆಯ ಗಂಟು, ಹೊರಗೆ ಉಳಿದ ಪಾದ — ಬರೆಯುವಾಗ ಅತ್ತಿದ್ದಳು, ಓದಿದವರೂ ಅಳುತ್ತಾರೆ ಅಂದುಕೊಂಡಿದ್ದಳು. ಚಿತ್ರಗಳಿಗೆ ಮಾತು ಬರೆಯುವವಳು ಮುಳಬಾಗಿಲಿನ ಅನಿತ, ಫೋನಿನಲ್ಲಿ ಸಿಕ್ಕ ಗೆಳತಿ, ಇಲ್ಲಿ ಮೊದಲ ಬಲಿ ಅಂತ ಹಾಕ್ತೀನಿ ಕಣೇ, ಸುಮ್ನೆ ಮಣ್ಣು ಮಾಡಿದ್ಲು ಅಂದ್ರೆ ಯಾವೋಳು ಓದ್ತಾಳೆ, ದೊಡ್ಡೋರು ಓದೋ ಕಥೆ ಅಲ್ವ ನಮ್ಮದು, ಏನಂತೀಯ, ವಾಣಿ, ಇದೀಯಾ ಲೈನಲ್ಲಿ? ಇದ್ದಳು. ಬೇಡ ಅನ್ನಬೇಕಿತ್ತು, ಹೂಂ ಅಂದುಬಿಟ್ಟಳು, ಶಾಲೆಯಲ್ಲೂ ಹಾಗೇ, ಅಂಗಡಿಯಲ್ಲೂ ಹಾಗೇ, ಎಲ್ಲದಕ್ಕೂ ಹೂಂ. ಶ್ರೀನಿವಾಸಪುರದಲ್ಲಿ ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆದ ಐವತ್ತು ಪುಸ್ತಕ, ಜೆರಾಕ್ಸಿನವನು ಹನ್ನೊಂದನೇ ಪುಟದ ಫೋಟೊ ತೆಗೆದು ಯಾರಿಗೋ ಕಳಿಸಿದ, ಅವರು ಇನ್ಯಾರಿಗೋ, ಮೂರು ಚುಕ್ಕಿ ನೋಡಿದರೆ ಈ ಊರಲ್ಲಿ ಹೆಸರು ಬೇಕಾಗಿಲ್ಲ, ನಿನ್ನೆ ಊರವರು ಬೇಲಿಯ ಪಕ್ಕ ಗುದ್ದಲಿ ಹಿಡಿದು ಹೋಗಿದ್ದರಂತೆ, ಏನು ಸಿಕ್ಕಿತೋ. ಎದುರುಮನೆ ಭಾರತಮ್ಮ ಮೊರ ಕೊಡವುತ್ತ ನಿಂತಿದ್ದಾಳೆ, ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ, ಮೂವತ್ತು ವರ್ಷದಿಂದ ನಮ್ ಕಣ್ಣಿಗೆ ಬೀಳ್ದೇ ಇದ್ದಿದ್ದು ನೀನು ಒಂದೇ ಪುಟದಲ್ಲಿ ತೋರಿಸ್ಬಿಟ್ಟೆ, ನಮ್ಮನೆ ಕೂಸಿಗೆ ಆವತ್ತು ಜ್ವರ ಯಾಕೆ ಬಂತು ಅಂತ ಈಗ ಗೊತ್ತಾಯ್ತು ನೋಡು. ಅದು ಬಲಿ ಅಲ್ಲ ಭಾರತಮ್ಮ — ಅನ್ನು, ಈಗಲಾದರೂ ಅನ್ನು, ಆದರೆ ಅಂದರೆ ಆ ಕೂಸು ಯಾರದು ಅನ್ನುತ್ತಾರೆ, ಅನ್ನದಿದ್ದರೆ ಕೊಂದವಳು ಅನ್ನುತ್ತಾರೆ, ಎರಡರಲ್ಲಿ ಯಾವುದನ್ನು ಕೊಡಲಿ ದೊಡ್ಡಮ್ಮನಿಗೆ, ಬಟ್ಟೆ ಕೆಳಗಿಳಿಯುತ್ತದೆ, ಬಾಗಿಲ ಬುಡದಲ್ಲಿ ಅದೇ ಪಾದ, ಯಾರೋ ಐದು ಬೆರಳೂ ಬಿಡಿಸಿ ಬರೆದಿದ್ದಾರೆ, ಇವಳೇ ಬಿಡಿಸಿದಂತೆ, ಕಿರುಬೆರಳು ಸ್ವಲ್ಪ ಒಳಗೆ ಮಡಿಸಿದಂತೆ, ಅದರ ಮೇಲೆ ಬಟ್ಟೆ ಇಡಲು ಕೈ ಬರುತ್ತಿಲ್ಲ, ಪಾದ, ಸೀರೆ ಸಾಲದ ಪಾದ. ಒಳಗೆ ಬಳೆಯ ಸದ್ದು, ದೊಡ್ಡಮ್ಮ ಬಾಗಿಲ ಹಿಂದೆಯೇ ಕೂತಿದ್ದಾಳೆ. ನಿನ್ನೆಯಿಂದ ಈ ಮನೆಯ ನೀರನ್ನು ಊರಲ್ಲಿ ಯಾರೂ ಮುಟ್ಟುತ್ತಿಲ್ಲ, ಭಾರತಮ್ಮ ಇನ್ನೂ ಅಲ್ಲೇ ನಿಂತಿದ್ದಾಳೆ, ನಿಂತಿರಲಿ, ಕೇಳಲಿ, ಶ್ರೀವಾಣಿ ಹಣೆಯನ್ನು ಹಲಗೆಗೆ ಒತ್ತಿ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ —

ದೊಡ್ಡಮ್ಮಾ, ಬಾಯಾರಿಕೆ ಆಗ್ತಿದೆ, ಒಂದು ಚೊಂಬು ನೀರು ಕೊಡು.