ಕಡೆಯ ಎರಡು ಗೀಟು

ಅನುಸೂಯಾ ಅಪ್ಪನ ಹಳೆಯ ಧೋತರವನ್ನು ಉದ್ದುದ್ದ ಪಟ್ಟಿಗಳಾಗಿ ಹರಿಯುತ್ತಿದ್ದಳು. ಸದ್ದು ಜೋರಾಗದಂತೆ ಅಂಚನ್ನು ಮೊದಲು ಹಲ್ಲಿನಿಂದ ಕಚ್ಚಿ ಬಿಡಿಸಿಕೊಂಡು, ಆಮೇಲೆ ನಿಧಾನ ಎಳೆಯುತ್ತಿದ್ದಳು. ದೊಡ್ಡಪ್ಪ ಮುದಿಯಪ್ಪ ಕೈಚಾಚಿ ಒಂದೊಂದೇ ಪಟ್ಟಿ ತೆಗೆದುಕೊಂಡು, ಗೋಡೆಗೆ ಆನಿಸಿ ಕೂರಿಸಿದ್ದ ತಮ್ಮನ ಎದೆಗೊಂದು, ಹಣೆಗೊಂದು ಕಟ್ಟಿ, ಹಿಂದಿನ ಮೊಳೆಗೆ ಬಿಗಿದ. ಹಣೆಯ ಪಟ್ಟಿ ಬಿಗಿಯುವ ತನಕ ಅಪ್ಪನ ತಲೆ ಮುಂದಕ್ಕೆ ಬಾಗಿಯೇ ಇತ್ತು. ಚದುರಂಗದ ಮಣೆಯ ಮುಂದೆ ಕೂತು ಯೋಚಿಸುವಾಗ ಬಾಗುತ್ತಿದ್ದ ಹಾಗೆಯೇ.

ನಿನ್ನೆ ಕೊಪ್ಪಳದ ಪಂದ್ಯದಲ್ಲಿ ಐದು ತಾಸು ಆಡಿ, ಕುರ್ಚಿಯಲ್ಲೇ ಹೀಗೆ ಬಾಗಿದವನು ಮತ್ತೆ ತಲೆ ಎತ್ತಿರಲಿಲ್ಲ.

ಅಂಗಳದಲ್ಲಿ ಕೂತವರ ಮಾತು ಒಳಗೆ ಕೇಳುತ್ತಿತ್ತು.

"ಅರ್ಧ ಕುಷ್ಟಗಿಗೆ ನೀರ ಬಿಡಾವ. ಇವತ್ತ ಅವನ ಮೈಗೆ ಹಾಕಾಕ ನಳದಾಗ ನೀರಿಲ್ಲ ನೋಡ್ರಿ."

"ವಾಲ್ ತಿರುವೂ ಚಾವಿ ಇನ್ನೂ ಅವನ ಸೈಕಲ್ಲಿಗೇ ಐತಿ. ಯಾರ ತಿರುವಬೇಕು?"

"ಒಂದಿನಾ ಯಾರ ಜೋಡೀನೂ ಜಗಳಾಡಿದಾವಲ್ಲ ಬಿಡು. ಈ ಓಣಿ ಬೈದ್ರ ಈ ಓಣಿಗೆ ಅರ್ಧ ತಾಸ ಹೆಚ್ಚಿಗಿ, ಆ ಓಣಿ ಬೈದ್ರ ಆ ಓಣಿಗೆ. ರಾಜಿ ಬಸಪ್ಪ!"

ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು.

ಹೆಣದ ಕಾಲ ಬಳಿ ಕೂತಿದ್ದ ಅವ್ವ ಹುಲಿಗವ್ವ ಬೆಳಗಿನಿಂದ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದಳು. "ಎದಿ ದಣಿಸಬ್ಯಾಡ ಅಂದಿದ್ರು ಡಾಕ್ಟರು. ಡ್ರಾ ಮಾಡ್ಕೊಂಡು ನಾಕರ ಬಸ್ಸಿಗೆ ಬರ್ತೀನಂತ ಹೇಳೇ ಹೋಗಿದ್ರು. ಹನ್ನೆರಡ ವರ್ಷ ಹಂಗ ಬಂದಾರ. ನಿನ್ನೆ ಯಾಕ ಅಷ್ಟೊತ್ತು ಕುಂತ್ರು? ಯಾರ ಕುಂದರಿಸಿದ್ರು ಅವರನ್ನ?"

ಅನುಸೂಯಾಳ ಕೈ ಅಲ್ಲಿಯೇ ನಿಂತಿತು.

*

ಕೊಪ್ಪಳ ಜಿಲ್ಲೆಯಾದ ಮರುವರ್ಷ ಶುರುವಾದ ಆ ಪಂದ್ಯವನ್ನು ಅಪ್ಪ ದೊಡ್ಡಬಸಪ್ಪ ಒಮ್ಮೆಯೂ ತಪ್ಪಿಸಿರಲಿಲ್ಲ. ಪ್ರತಿ ಸಲ ಎಲ್ಲಿಂದಲೋ ಒಂದು ಕಾಲಾಳು ಹೆಚ್ಚಿಗೆ ಗಳಿಸುತ್ತಿದ್ದ. ಗಳಿಸಿದ ಕೂಡಲೇ ಡ್ರಾ ಕೇಳಿ ಕೈ ಚಾಚುತ್ತಿದ್ದ.

"ಒಂದ ಪ್ಯಾದಿ ಹೆಚ್ಚಿಗಿದ್ರ ಅವಸರ ಮಾಡಬಾರದು," ಎಂದು ಮಗಳಿಗೆ ಮಾತ್ರ ಕಲಿಸುತ್ತಿದ್ದ. "ದೊಡ್ಡ ಕಾಯಿಗೆ ದೊಡ್ಡ ಕಾಯಿ ಕೊಟ್ಟು ಮಣಿ ಖಾಲಿ ಮಾಡ್ಕೋತ ಬರಬೇಕು. ಕಡೀಕ ರಾಜಾ ಮೂಲಿ ಬಿಟ್ಟು ತಾನ ನಡೀಬೇಕು. ಆ ಪ್ಯಾದೀನ ಕೈ ಹಿಡದು ಆಚಿ ದಂಡಿಗೆ ಮುಟ್ಟಿಸಬೇಕು."

"ಮತ್ತ ನಿನ್ನ ರಾಜಾ ಯಾಕ ನಡ್ಯಾಂಗಿಲ್ಲಪ್ಪಾ?"

"ಅಂಜಿಕಿ ಬರ್ತೈತವ್ವಾ. ಕೈಯಾಗ ಇದ್ದದ್ದೂ ಹೋದ್ರ?"

ನಡೆಗಳನ್ನು ಹಾಳೆಯಲ್ಲಿ ಬರೆಯುವುದನ್ನೂ ಕಲಿಸಿದ್ದ. ಬಿಳಿ ಕಾಯಿ ಹಿಡಿದರೆ ಎಡಕ್ಕೆ ತನ್ನ ನಡೆ, ಬಲಕ್ಕೆ ಎದುರಿನವನದು. ಡ್ರಾ ಕೇಳಿದವರ ನಡೆಯ ಪಕ್ಕ ಅಡ್ಡಡ್ಡ ಎರಡು ಗೀಟು. ಅವನ ಹಳೆಯ ಹಾಳೆಗಳಲ್ಲೆಲ್ಲ ಗೀಟುಗಳು ಅವನ ಕಡೆಗೇ ಇರುತ್ತಿದ್ದವು.

ನಿನ್ನೆ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ರೊಟ್ಟಿ ಗಂಟನ್ನು ಕಿಟಕಿಯೊಳಗೆ ಕೊಡುವಾಗ ಅನುಸೂಯಾ ಒಂದೇ ಉಸಿರಿಗೆ ಅಂದಿದ್ದಳು. "ನನ್ನ ಸಾಲಿ ಬಿಡಿಸೂ ಮುಂದನೂ ನೀ ಹಿಂಗ ರಾಜಿ ಆದಿ. ಅವ್ವ ಒಂದ ಮಾತಂದ್ಲು, ಸುಮ್ಮನಾದಿ. ಇವತ್ತೂ ಡ್ರಾ ಮಾಡ್ಕೊಂಡ ಬಂದ್ರ ನಾ ನಿನ್ನ ಮಾತಾಡ್ಸಾಂಗಿಲ್ಲ."

ಅಷ್ಟು ಉದ್ದದ ಮಾತನ್ನು ಅವಳು ಆವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಅಪ್ಪ ಕಿಟಕಿಯ ಸರಳು ಹಿಡಿದು ಅವಳನ್ನೇ ನೋಡಿದ. "ಆತವ್ವಾ," ಎಂದ. ಬಸ್ಸು ಹೊರಟಿತು.

*

ಮಧ್ಯಾಹ್ನದ ಹೊತ್ತಿಗೆ ಟಿಪ್ಪುಸಾಬ ಬಂದ. ಗಂಗಾವತಿಯ ದರ್ಜಿ, ಪಂದ್ಯದಲ್ಲಿ ಅಪ್ಪನ ಹಳೆಯ ಎದುರಾಳಿ. ನಿನ್ನೆ ಎದುರಿಗೆ ಕೂತಿದ್ದವನೂ ಅವನೇ. ಚಪ್ಪಲಿ ಬಿಟ್ಟು ಒಳಗೆ ಬಂದವನು ಹೆಣದ ಮುಖ ನೋಡಲಾಗದೆ ನೆಲ ನೋಡುತ್ತ ನಿಂತ.

"ಅಣ್ಣಾ, ನೀವರ ಡ್ರಾ ಕೇಳಲಿಲ್ಲೇನು?" ಹುಲಿಗವ್ವ ಕೇಳಿದಳು.

"ಕೇಳಿದೆ ತಂಗಿ. ಮೂರ ಸಲ ಕೇಳಿದೆ. ಒಂದ ಪ್ಯಾದಿ ಹೆಚ್ಚಿತ್ತು ಅವಂದು. ಒಲ್ಲೆ ಅಂದ."

"ಯಾಕ ಒಲ್ಲೆ ಅಂದ್ರು?"

ಟಿಪ್ಪುಸಾಬ ತಲೆ ಎತ್ತಿ, ಬಾಗಿಲ ಮರೆಯಲ್ಲಿದ್ದ ಅನುಸೂಯಾಳನ್ನು ನೋಡಿದ. ಅವನಿಗೆ ಗೊತ್ತಿದೆ, ಅಪ್ಪ ಹೇಳಿದ್ದಾನೆ, ಎಂದು ಆ ನೋಟದಲ್ಲೇ ಅವಳಿಗೆ ತಿಳಿಯಿತು. ಹಿಡಿದ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ, ಬೆರಳ ತುದಿ ಬಿಳಿಚಿತು.

"ಅದೆಲ್ಲಾ ಈಗ್ಯಾಕ ಬಿಡು ತಂಗಿ," ಎಂದು ಟಿಪ್ಪುಸಾಬ ಒಳಜೇಬಿನಿಂದ ಮಡಿಚಿದ ಹಾಳೆ ತೆಗೆದ. "ಇದು ಅವ ಬರದ ಹಾಳಿ. ಅವನ ಜೋಡೀನ ಮಣ್ಣಿಗೆ ಹೋಗಲಿ."

ಮುದಿಯಪ್ಪ ಅದನ್ನು ತಮ್ಮನ ಮಡಿಲಲ್ಲಿ ಬಿಲ್ವಪತ್ರೆಯ ಕೆಳಗೆ ಇಡಲು ಬಾಗಿದ.

"ಒಂದ ಸಲ ಕೊಡ್ರಿ ದೊಡ್ಡಪ್ಪಾ."

ತನ್ನ ದನಿಗೆ ತಾನೇ ಬೆದರಿದರೂ ಅವಳು ಕೈ ಹಿಂದೆಗೆಯಲಿಲ್ಲ. ಹಾಳೆ ಹಿಡಿದು ಬಾಗಿಲ ಬೆಳಕಿಗೆ ಬಂದಳು. ಅಪ್ಪ ಬಿಳಿ ಕಾಯಿ ಹಿಡಿದಿದ್ದ. ಬಲಗಡೆ ಮೂರು ಕಡೆ ಎರಡೆರಡು ಗೀಟು. ಟಿಪ್ಪುಸಾಬ ಸುಳ್ಳಾಡಿರಲಿಲ್ಲ. ಕುದುರೆಗೆ ಕುದುರೆ, ಆನೆಗೆ ಆನೆ ಹೋಗಿತ್ತು. ನಲವತ್ತೇಳನೆಯ ನಡೆಗೆ ಅಪ್ಪನ ರಾಜ ಮೂಲೆ ಬಿಟ್ಟಿದ್ದ. ಮತ್ತೊಂದು ಮನೆ, ಮತ್ತೊಂದು. ಅವಳು ಒಂದು ಗಳಿಗೆ ಅಂಜಿಕೆ ಮರೆತು ಅವನ ಜೊತೆಗೇ ನಡೆದಳು.

ಅರವತ್ತೊಂದನೆಯ ನಡೆಯಲ್ಲಿ ಅಕ್ಷರ ಸೊಟ್ಟಗಾಗಿತ್ತು. ಅದರ ಪಕ್ಕ, ಎಡಗಡೆ, ಅಪ್ಪನ ಕಡೆ, ಎರಡು ಗೀಟು.

ಒಪ್ಪಿದ್ದರೆ ಆಟ ಅಲ್ಲಿಗೆ ಮುಗಿಯಬೇಕಿತ್ತು. ಬಲಕ್ಕೆ ಟಿಪ್ಪುಸಾಬನ ಇನ್ನೊಂದು ನಡೆ ಇತ್ತು. ಆಮೇಲೆ ಖಾಲಿ.

ಅವಳು ತಲೆ ಎತ್ತಿದಾಗ ಟಿಪ್ಪುಸಾಬ ಪಕ್ಕದಲ್ಲೇ ನಿಂತಿದ್ದ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಅವನ ಬೆರಳುಗಳು ಹಾಳೆಯತ್ತ ಚಾಚಿ ಹಿಂದೆ ಸರಿದವು.

"ನಿನಗ ಓದಾಕ ಬರ್ತೈತಂತ ಗೊತ್ತಿರಲಿಲ್ಲವ್ವಾ," ಎಂದ ಮೆಲ್ಲಗೆ. "ಅವನ ಕೈ ನಡಗತಿತ್ತು. ಈಗ ತಪ್ಪತಾನ ಅನಿಸ್ತು. ಅವ ಡ್ರಾ ಕೇಳಿದ್ದು ಕೇಳಸಲಾರದಂಗ ಕಾಯಿ ಎತ್ತಿಟ್ಟೆ. ಒಂದ ಸಲರ ಅವನ್ನ ಗೆಲ್ಲೂ ಆಸೆ ಆತು." ಹುಲಿಗವ್ವನ ಕಡೆ ಒಮ್ಮೆ ನೋಡಿದ. "ನೀ ಹೇಳಿ ಕಳಿಸಿದ್ದನ್ನ ನಾ ಯಾರ ಮುಂದನೂ ಅನ್ನಾಂಗಿಲ್ಲ, ಮಗಳ."

ಅವನ ಬಳಿ ಬರೀ ಮಾತಿತ್ತು. ಹಾಳೆ ಅವಳ ಕೈಯಲ್ಲಿತ್ತು.

ಹೊರಗೆ ಭಜನೆಯ ತಾಳ ನಿಂತಿತು. ಹುಲಿಗವ್ವ ಗೋಡೆ ಹಿಡಿದು ಎದ್ದು ಬಂದು, ಮಗಳ ಕೈಯಲ್ಲಿದ್ದ ಹಾಳೆಗೆ ಮುಖ ತಂದಳು. ಅಕ್ಷರ ಕಲಿಯದ ಅವಳ ಬೆರಳು ಮೇಲಿನಿಂದ ಸಾಲುಸಾಲು ಸವರುತ್ತ ಇಳಿದು, ಬರಹ ನಿಂತ ಸಾಲಿನಲ್ಲಿ, ಆ ಎರಡು ಗೀಟುಗಳ ಮೇಲೆ ನಿಂತಿತು. ಮಗಳ ಮುಖ ನೋಡಿದಳು. ಟಿಪ್ಪುಸಾಬನ ಮುಖ ನೋಡಿದಳು.

"ಕಡೀಕ ಏನ ಬರದಾರ? ಯಾರರ ಒಬ್ಬರು ಓದಿ ಹೇಳ್ರಿ."