ಹೊಟ್ಟೆ ತುಂಬದ ಕೌದಿ

ಕಮಲಾಪುರದ ಸುಗ್ಗಿ ಮೇಳದಲ್ಲಿ ದಿಲೀಪ ಮೊದಲು ಕೊಂಡದ್ದು ಕೆಂಪು ಬಾಳೆಹಣ್ಣು. ಮಗಳು ತ್ರಿವೇಣಿ ಒಂದನ್ನು ತಿಂದು ಇನ್ನೊಂದನ್ನು ಕೈಯಲ್ಲಿ ಹಿಡಿದು ಮುಂದೆ ಓಡಿದಳು. "ಆಂಟಿ, ಲಗೂನ ಬಾ!"

ಆಂಟಿ ಎಂದರೆ ಪಂಚಶೀಲಾ, ದಿಲೀಪನ ಎರಡನೇ ಹೆಂಡತಿ. ತಾಜಸುಲ್ತಾನಪುರದ ಆ ಮನೆಗೆ ಬಂದು ವರ್ಷ ದಾಟಿತ್ತು. ಹುಡುಗಿಗೆ ಜಡೆ ಹಾಕುವವಳು ಅವಳು, ಜ್ವರ ಬಂದರೆ ಪಕ್ಕದಲ್ಲಿ ಕೂರುವವಳು ಅವಳು. ಆದರೆ ಅವ್ವ ಎಂದರೆ ಕಾಮಾಲೆಯಿಂದ ಸತ್ತ ಮಹಾನಂದಾ ಮಾತ್ರ. ಮಹಾನಂದಾಳ ನೇರಳೆ ಸೀರೆಯನ್ನು ಕೆನ್ನೆಗೆ ಒತ್ತಿಕೊಳ್ಳದೆ ತ್ರಿವೇಣಿ ಮಲಗುತ್ತಿರಲಿಲ್ಲ. ಮಳೆಗಾಲದಲ್ಲಿ ಒಂದು ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಹಳೆ ಬಟ್ಟೆಗೆ ಭಾಂಡೆ-ಪಾತ್ರೆ ಕೊಡುವವಳು ಓಣಿಗೆ ಬಂದಳು. ಪಂಚಶೀಲಾ ಆ ಸೀರೆ ಕೊಟ್ಟು ಸ್ಟೀಲಿನ ಡಬರಿ ತೆಗೆದುಕೊಂಡಳು. ಸೀರೆ ಹೋದರೆ 'ಅವ್ವ' ಎಂಬ ಕರೆ ತನ್ನ ಕಡೆ ತಿರುಗೀತು ಎಂಬ ಆಸೆ. ಆಮೇಲೆ ಎಲ್ಲರ ಜೊತೆ ಅವಳೂ ಮನೆಯೆಲ್ಲ ಹುಡುಕಿದಳು.

ಬಟ್ಟೆ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಗಳ ಅಂಗಡಿಯ ಮುಂದೆ ತ್ರಿವೇಣಿ ಸಿಕ್ಕಳು. ಹಾಸಿಟ್ಟ ಒಂದು ಕೌದಿಯ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿದ್ದಳು.

"ಏಳು, ಮಂದಿ ನೋಡಾಕತ್ತಾರ," ಎನ್ನುತ್ತ ಬಗ್ಗಿದ ಪಂಚಶೀಲಾ ಅಲ್ಲೇ ನಿಂತಳು. ಕೌದಿಯ ನಡುವೆ ನೇರಳೆ ತುಂಡು. ಅದರ ಮೇಲೆ ಇಸ್ತ್ರಿ ಸುಟ್ಟ ಕಂದು ಮುಕ್ಕೋನ.

"ಇದು ಬ್ಯಾಡ್ರೀ," ಎಂದಳು ಗಂಡನಿಗೆ. "ಹಳೇದದ. ಯಾರು ಉಟ್ಟಿದ್ದೋ ಏನೋ."

ಅಂಗಡಿಯ ಶಿವಕಾಂತಮ್ಮ ನಕ್ಕಳು. "ಹಳೇ ಬಟ್ಟಿ ಬಿಟ್ಟು ಬನಾರಸಿ ಹರಿದು ಕೌದಿ ಹೊಲಿಬೇಕಾಗಿತ್ತೇನವ್ವ?"

ಸುತ್ತಲಿನವರೂ ನಕ್ಕರು. ಸತ್ತ ಹೆಂಡತಿಯ ಸೀರೆಯನ್ನೂ ದಿಲೀಪ ಎಂದೂ ಗಮನವಿಟ್ಟು ನೋಡಿದವನಲ್ಲ. ಮಗಳು ಏಳಲೊಲ್ಲದ್ದನ್ನು ಕಂಡು ಕೌದಿ ಕೊಂಡ.

"ತಡೀರಿ, ಇದರ ಹೊಟ್ಟಿ ತುಂಬಿಲ್ಲ." ಶಿವಕಾಂತಮ್ಮ ಹೊಲಿಯದೆ ಬಿಟ್ಟ ಮೂಲೆ ತೋರಿಸಿದಳು. "ರೊಟ್ಟಿ ತುಂಡು ಇಟ್ಟು ಮೂಲಿ ಮುಚ್ಚಬೇಕು. ಹೊಚ್ಚಿಕೊಳ್ಳೋ ಮನಿ ಹೆಣ್ಮಗಳೇ ಇಡಬೇಕು ನೋಡ್ರಿ. ಹಸದ ಕೌದಿ ಮಲಗಿದವ್ರಿಗೆ ನಿದ್ದಿ ಮಾಡಗೊಡಂಗಿಲ್ಲ."

ಜೊತೆಗೆ ಬಂದಿದ್ದ ಅತ್ತೆ ಕಸ್ತೂರಿಬಾಯಿ ಕೌದಿಯ ಮೇಲೆ ಕೈಯಾಡಿಸುತ್ತಿದ್ದಳು. ಸುಟ್ಟ ಗುರುತಿನ ಮೇಲೆ ಕೈ ನಿಂತಿತು. ಹಿಂದೊಮ್ಮೆ ಇಸ್ತ್ರಿ ಮರೆತು ಮಹಾನಂದಾಳ ಆ ಸೀರೆ ಸುಟ್ಟವಳು ಅವಳೇ. ಸೊಸೆಯ ಮುಖ ನೋಡಿದಳು. ಬುತ್ತಿಯ ಗಂಟು ಬಿಚ್ಚಿ ಜೋಳದ ರೊಟ್ಟಿ ಮುರಿದಳು.

"ಡಬರಿ ಎಲ್ಲಿಂದ ಬಂತು ಅಂತ ನಾ ಕೇಳ್ಲಿಲ್ಲ," ಎಂದಳು, ಮಗನಿಗೆ ಕೇಳದ ಹಾಗೆ. "ಮಹಾನಂದಾ ನಿನ್ನ ಕೈಲೇ ಮನಿ ಬಿಟ್ಟು ಹೋಗ್ಯಾಳ. ನಿನ್ನ ಕೈಲೇ ಉಣ್ಲಿ."

ಪಂಚಶೀಲಾ ರೊಟ್ಟಿ ಹಿಡಿದು ಮೂಲೆಯೊಳಗೆ ಕೈ ತೂರಿಸಿದಳು. ಪದರಗಳ ನಡುವೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ಬಿಸಿಲಿಗೆ ಕಾದಿದೆ ಎಂದುಕೊಂಡಳು. ಅಂಗಡಿ ಇದ್ದದ್ದು ಬೇವಿನ ನೆರಳಲ್ಲಿ. ಬೇಗ ಕೈ ತೆಗೆದಳು. ಮೂಲೆ ಹೊಲಿಯುವಾಗ ಸೂಜಿ ಎರಡು ಸಲ ಚುಚ್ಚಿತು.

ವಾಪಸು ಬಸ್ಸಿನಲ್ಲಿ ತ್ರಿವೇಣಿ ಕಿಟಕಿಯ ಪಕ್ಕ ಕೌದಿ ಹೊದ್ದು ಮುದುಡಿಕೊಂಡಳು. ಪಕ್ಕದಲ್ಲಿ ಪಂಚಶೀಲಾ. ಕಲಬುರಗಿ ಹತ್ತಿರವಾಗುತ್ತಿತ್ತು, ಹೊರಗೆ ಕಟಾವಾದ ತೊಗರಿ ಹೊಲಗಳು ಬರಿದಾಗಿ ಬಿದ್ದಿದ್ದವು.

"ಅವ್ವಾ," ಎಂದಳು ತ್ರಿವೇಣಿ, ಸ್ಪಷ್ಟವಾಗಿ.

ಪಂಚಶೀಲಾ ತಟ್ಟನೆ ಅವಳತ್ತ ಬಾಗಿದಳು. ವರ್ಷದಿಂದ ಕಾದ ಮಾತು. "ಏನ್ ಕೂಸೇ?"

ಹುಡುಗಿ ತಿರುಗಲಿಲ್ಲ. ನೇರಳೆ ತುಂಡಿಗೆ ತುಟಿ ಹಚ್ಚಿ ಪಿಸುಗುಟ್ಟಿದಳು. "ಅವ್ವಾ, ಹೊಟ್ಟಿ ತುಂಬಿತೇನ?" ಕಿವಿಗೊಟ್ಟು ಕೇಳಿದಳು. ಆಮೇಲೆ ಈ ಕಡೆ ಕೈ ಚಾಚಿದಳು.

"ಆಂಟಿ, ಇನ್ನೊಂದು ರೊಟ್ಟಿ ಕೊಡು. ಸಾಲಲಿಲ್ಲಂತ."

ಮುಂದಿನ ಸೀಟಿನಲ್ಲಿ ಕೂತಿದ್ದ ಕಸ್ತೂರಿಬಾಯಿ, ತಿರುಗಿಯೂ ನೋಡದೆ, ಬುತ್ತಿಯ ಗಂಟನ್ನು ಹಿಂದಕ್ಕೆ ಚಾಚಿದಳು.