ತೊಂಬತ್ತಾರರ ಸ್ಪೀಡು

ಚೌಕಿಪೇಟೆಯ ಬಟ್ಟೆ ವ್ಯಾಪಾರಿ ಬಕ್ಕೇಶ್ ತನ್ನ ಮೋಟರ್‌ಸೈಕಲ್ಲನ್ನು ಮದುವೆಗೆ ಮುಂಚೆ ಕೊಂಡಿದ್ದ. ಈಗ ಮಗಳು ಪಿಯುಸಿಗೆ ಬಂದಿದ್ದಳು, ಗಾಡಿ ಮಾತ್ರ ಅದೇ ಇತ್ತು. ಅದರ ಸ್ಪೀಡೋಮೀಟರಿನ ಮುಳ್ಳು ಯಾವ ಕಾಲದಲ್ಲೋ ಸೊನ್ನೆಯ ಮೇಲೆ ಮಲಗಿದ್ದು ಮತ್ತೆ ಎದ್ದಿರಲಿಲ್ಲ. ಇದರಿಂದ ಅವನಿಗೇನೂ ತೊಂದರೆಯಾಗಿರಲಿಲ್ಲ. ಅವನು ಓಡಿಸುತ್ತಿದ್ದ ರೀತಿಗೆ ಮುಳ್ಳು ಎದ್ದಿದ್ದರೂ ಬಹಳ ದೂರ ಹೋಗಬೇಕಾದ ಪ್ರಸಂಗ ಬರುತ್ತಿರಲಿಲ್ಲ. ರಸ್ತೆಯ ಎಡ ಅಂಚು ಹಿಡಿದು ಹೋಗುವುದು, ನಾಯಿ ಕಂಡರೆ ಬ್ರೇಕು, ಕಾಣದಿದ್ದರೆ ಎಲ್ಲಿಂದಲಾದರೂ ಬಂದೀತೆಂದು ಮತ್ತೊಂದು ಬ್ರೇಕು. ಹರಿಹರದಲ್ಲಿದ್ದ ಹೆಂಡತಿಯ ತವರಿನವರು, ಬಕ್ಕೇಶ್ ದಾವಣಗೆರೆ ಬಿಟ್ಟನೆಂದು ಫೋನ್ ಬಂದಮೇಲೆ ಅಕ್ಕಿ ತೊಳೆಯಲು ಶುರುಮಾಡುತ್ತಿದ್ದರು. ಅವನು ಮುಟ್ಟುವ ಹೊತ್ತಿಗೆ ಅನ್ನ ಆಗಿ, ಒಂದಿಷ್ಟು ಆರಿಯೂ ಇರುತ್ತಿತ್ತು.

ಮಾವ ಪರಮೇಶ್ವರಪ್ಪನವರು ಹಿಂದೆ ಬೇಳೆ ಮಿಲ್ಲು ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವರು. ಮಿಲ್ಲು ಬಿಟ್ಟಿದ್ದರೂ ಮಿಲ್ಲಿನ ಸದ್ದಿನ ಮೇಲೆ ಮಾತಾಡುವ ಗಂಟಲು ಬಿಟ್ಟಿರಲಿಲ್ಲ. ಒಂದು ಭಾನುವಾರ ಮನೆ ತುಂಬ ನೆಂಟರಿದ್ದಾಗ ಅವರು ಅಳಿಯನನ್ನು ಬಾಗಿಲಲ್ಲೇ ಕೇಳಿದರು: "ಅಳಿಯಂದ್ರೆ, ಗಾಡಿ ಮ್ಯಾಲೆ ಬಂದ್ರೋ, ಅದನ್ನ ತಳ್ಳಿಕೊಂಡು ಬಂದ್ರೋ?"

ನೆಂಟರು ನಕ್ಕರು. ಬಕ್ಕೇಶನೂ ನಕ್ಕ. ಆದರೆ ಮಾರನೆಯ ದಿನ ಅಂಗಡಿ ತೆರೆಯುವ ಮೊದಲೇ ಪಿ.ಬಿ. ರಸ್ತೆಯಲ್ಲಿದ್ದ ಗಿರೀಶನ ಅಂಗಡಿಯ ಮುಂದೆ ನಿಂತಿದ್ದ. ಬಣ್ಣದ ದೀಪ, ರೈಲಿನಂತೆ ಕೂಗುವ ಹಾರ್ನು, ಹುಲಿ ಮುಖದ ಸ್ಟಿಕ್ಕರು, ಹೀಗೆ ಗಾಡಿ ಓಡಲು ಬೇಕಿಲ್ಲದ್ದೆಲ್ಲ ಗಿರೀಶನಲ್ಲಿ ಸಿಗುತ್ತಿತ್ತು.

"ಡಿಜಿಟಲ್ ಮೀಟರ್ ಹಾಕಿಸ್ರಿ ಸಾವ್ಕಾರ್ರೆ," ಎಂದ ಗಿರೀಶ. "ನೀಲಿ ಲೈಟಿನಾಗೆ ನಂಬರ್ ಬರ್ತೈತೆ. ಗಾಡಿಗೆ ಹತ್ತು ವರ್ಷ ವಯಸ್ಸು ಕಮ್ಮಿ ಆಗ್ತೈತೆ."

"ಸ್ಪೀಡು ಕರೆಕ್ಟಾಗಿ ತೋರಿಸ್ತೈತೇನು?"

"ಡಿಜಿಟಲ್ ಅಂದ್ರೇನ್ರಿ ಮತ್ತೆ? ಮುಳ್ಳು ಸುಳ್ಳು ಹೇಳ್ತೈತೆ, ನಂಬರ್ ಹೇಳಂಗಿಲ್ಲ."

ಹಳೆಯ ಮೀಟರು, ತುಕ್ಕು ಹಿಡಿದ ಕೇಬಲ್ಲು ಎರಡೂ ಕಳಚಿ ಬಿದ್ದವು. ಹ್ಯಾಂಡಲ್ ಮೇಲೆ ಹೊಸ ಮೀಟರು ಕೂತಿತು. ಮುಂದಿನ ಫೋರ್ಕಿಗೆ ಒಂದು ಪುಟ್ಟ ಸೆನ್ಸರ್ ಕಟ್ಟಿ, ಚಕ್ರಕ್ಕೆ ಗುಂಡಿಯಷ್ಟು ದೊಡ್ಡ ಮ್ಯಾಗ್ನೆಟ್ ಅಂಟಿಸಬೇಕಿತ್ತು. ಚಕ್ರ ಸುತ್ತಿದಂತೆಲ್ಲ ಮ್ಯಾಗ್ನೆಟ್ ಸೆನ್ಸರಿನ ಮುಂದೆ ಹಾದುಹೋಗುತ್ತದೆ, ಎಷ್ಟು ಸಲ ಹಾದುಹೋಯಿತೆಂದು ಎಣಿಸಿ ಮೀಟರು ವೇಗ ಹೇಳುತ್ತದೆ. ಒಂದು ಕಳೆದುಹೋದರೆ ಇರಲಿ ಎಂದು ಪೆಟ್ಟಿಗೆಯಲ್ಲಿ ಎರಡು ಮ್ಯಾಗ್ನೆಟ್ ಇಟ್ಟಿದ್ದರು. ಗಿರೀಶ ಒಂದನ್ನು ಅಂಟಿಸಿ ಇನ್ನೊಂದನ್ನು ಡ್ರಾಯರಿಗೆ ಹಾಕುವುದನ್ನು ಬಕ್ಕೇಶ್ ನೋಡಿದ. ಮೀಟರ್ ಲೆಕ್ಕದಲ್ಲಿ ಬಟ್ಟೆ ಅಳೆದು ಅಳೆದು ಬೆಳೆದ ಕೈ, ತನ್ನ ಮಾಲು ಬೇರೆಯವರ ಡ್ರಾಯರ್ ಸೇರುವುದನ್ನು ಸಹಿಸಲಿಲ್ಲ.

"ಅದನ್ನ ಯಾಕ ಒಳಗೆ ಇಟ್ಟಿ? ಹಾಕು."

"ಒಂದೇ ಸಾಕ್ರಿ."

"ಎರಡಕ್ಕೂ ರೊಕ್ಕ ಕೊಟ್ಟೀನಿ. ಎರಡೂ ಹಾಕು."

ಗಿರೀಶ ಸ್ವಲ್ಪ ಯೋಚಿಸಿದ. ಎರಡಿದ್ದರೆ ಬ್ಯಾಲೆನ್ಸ್ ಚೆನ್ನಾಗಿರುತ್ತದೆಂದು ಅವನಿಗೂ ಅನ್ನಿಸಿತು. ಚಕ್ರದ ಎದುರು ಬದಿಗೆ ಎರಡನೆಯದನ್ನೂ ಅಂಟಿಸಿದ. ಒಂದೇ ಮ್ಯಾಗ್ನೆಟ್ ಇದೆಯೆಂದು ತಿಳಿದ ಮೀಟರು ಅಂದಿನಿಂದ ಚಕ್ರದ ಒಂದು ಸುತ್ತನ್ನು ಎರಡೆಂದು ಎಣಿಸತೊಡಗಿತು. ಇದು ಗಿರೀಶನಿಗೂ ತಿಳಿಯಲಿಲ್ಲ, ಬಕ್ಕೇಶನಿಗೂ ತಿಳಿಯಲಿಲ್ಲ.

ಹರಿಹರದ ದಾರಿಯಲ್ಲಿ ಬಾತಿ ಊರು ದಾಟಿ ತೆರೆದ ರಸ್ತೆಗೆ ಬಂದಾಗ ಬಕ್ಕೇಶ್ ಕೆಳಗೆ ನೋಡಿದ. ನೀಲಿ ಬೆಳಕಿನಲ್ಲಿ ತೊಂಬತ್ತಾರು. ಇಷ್ಟು ವರ್ಷ ತಾನು ತೊಂಬತ್ತಾರರಲ್ಲಿ ಓಡುತ್ತಿದ್ದೆನೇ! ದಿನವೂ ಮುಖ ಸವರುತ್ತಿದ್ದ ಅದೇ ಗಾಳಿ ಈಗ ಕಪಾಳಕ್ಕೆ ಹೊಡೆದಂತೆ ಭಾಸವಾಯಿತು. ಅವನು ಬೆನ್ನು ಬಗ್ಗಿಸಿ ಟ್ಯಾಂಕಿನ ಮೇಲೆ ಮುಂದಕ್ಕೆ ವಾಲಿದ. ಅಷ್ಟರಲ್ಲಿ ಕೊಂಡಜ್ಜಿಯ ರೈತ ಉಚ್ಚೆಂಗಪ್ಪ ಹುಲ್ಲಿನ ಹೊರೆ ಹೇರಿದ ಮೊಪೆಡ್ಡಿನಲ್ಲಿ ಹಿಂದಿನಿಂದ ಬಂದು, ಹಾರ್ನ್ ಬಾರಿಸಿ, ಪಕ್ಕದಲ್ಲೇ ಮುಂದೆ ಹೋದ. ಹೋಗುವಾಗ ತಿರುಗಿ, "ಯಾಕ್ರೀ ಸಾವ್ಕಾರ್ರೆ, ಗಾಡಿ ಎಳೀವಲ್ದೇನು?" ಎಂದೂ ಕೇಳಿದ.

ಹುಲ್ಲು ಹೇರಿಕೊಂಡು ನೂರರ ಮೇಲೆ ಹೋಗುವ ಈ ರೈತರು ಒಂದು ದಿನ ಸಾಯುತ್ತಾರೆ ಎಂದು ಬಕ್ಕೇಶ್ ನಿಜವಾಗಿ ಮರುಗಿದ.

ಆಮೇಲೆ ಅವನ ನಡಿಗೆ ಬದಲಾಯಿತು. ಹೆಲ್ಮೆಟ್ಟನ್ನು ಅಂಗಡಿಯ ಕೌಂಟರಿನ ಮೇಲೆ ಗಿರಾಕಿಗಳಿಗೆ ಕಾಣುವಂತೆ ಇಡತೊಡಗಿದ. ಸೀರೆ ನೋಡಲು ಬಂದ ಹೆಂಗಸರಿಗೂ ವೇಗದ ಅಪಾಯ ಹೇಳುತ್ತಿದ್ದ. ದೂರವನ್ನೂ ಅದೇ ಮೀಟರು ಎಣಿಸುತ್ತಿದ್ದುದರಿಂದ ಮೈಲೇಜೂ ಎರಡುಪಟ್ಟಾಗಿತ್ತು. ಹಳೇ ಗಾಡಿ ಲೀಟರಿಗೆ ನೂರಿಪ್ಪತ್ತು ಕೊಡುತ್ತದೆಂದು ತಿಳಿದು ಅಕ್ಕಪಕ್ಕದ ವ್ಯಾಪಾರಿಗಳು ಅವನು ಯಾವ ಬಂಕಿನಲ್ಲಿ ಪೆಟ್ರೋಲ್ ಹಾಕಿಸುತ್ತಾನೆಂದು ವಿಚಾರಿಸಿ ಅಲ್ಲಿಗೇ ಹೋಗತೊಡಗಿದರು. ಅವರಲ್ಲಿ ಇಬ್ಬರಿಗೆ ಅಲ್ಲಿ ಹಾಕಿಸಿದ ಮೇಲೆ ಮೈಲೇಜು ಹೆಚ್ಚಾಯಿತು ಕೂಡ.

ಒಂದೇ ಒಂದು ತೊಡಕೆಂದರೆ ರಸ್ತೆ. ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರು ಎಂದು ಎಲ್ಲರೂ ತಿಳಿದಿದ್ದರು, ಮೀಟರು ಇಪ್ಪತ್ತೆಂಟು ತೋರಿಸುತ್ತಿತ್ತು. ಇದನ್ನು ಬಕ್ಕೇಶ್ ಚಹಾದ ಅಂಗಡಿಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ.

"ನಂಗೂ ಅನುಮಾನ ಇತ್ತು," ಎಂದ ಪಾತ್ರೆ ಅಂಗಡಿಯವನು. "ಅಷ್ಟು ದೂರ ಹೋಗೀವಿ, ಹದಿನಾಲ್ಕು ಅಂದ್ರೆ ಹೆಂಗೆ?"

"ಕಿಲೋಮೀಟರ್ ಕಲ್ಲು ನೆಡೋದ್ರಾಗೂ ರೊಕ್ಕ ತಿಂದಾರೆ," ಎಂದ ಇನ್ನೊಬ್ಬ. ಹದಿನಾಲ್ಕು ಕಿಲೋಮೀಟರ್ ರಸ್ತೆಯನ್ನು ಲೆಕ್ಕಕ್ಕೆ ಸಿಗದಂತೆ ಮಾಡಿ ಯಾರಿಗೆ ಏನು ಲಾಭ ಎಂದು ಯಾರೂ ಕೇಳಲಿಲ್ಲ. ಮೋಸ ಆಗಿದೆ ಎಂಬುದು ಎಲ್ಲರಿಗೂ ಹಿಡಿಸಿತ್ತು.

ಮನೆಯಲ್ಲಿ ಹೆಂಡತಿ ವಾಣಿಶ್ರೀ ಮಾತ್ರ ಹೆದರಿದ್ದಳು. ಮದುವೆಯಾದಾಗಿನಿಂದ ಗಂಡನ ಬೆನ್ನ ಹಿಂದೆ ಕೂತು ತರಕಾರಿ ಸೋಸುವಷ್ಟು ನಿರಾಳವಾಗಿದ್ದವಳು, ಭುಜದ ಮೇಲಿಂದ ನೀಲಿ ಅಂಕಿ ಇಣುಕಿದ ದಿನವೇ ಕಿರುಚಿದಳು. "ರೀ, ಎಂಬತ್ತೆಂಟು! ಮಗಳ ಮದುವಿ ನೋಡಬೇಕು ನಾನು, ಇಳಿಸ್ರಿ!" ಅಂದಿನಿಂದ ತವರಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದಳು. ಅವಳು ಹತ್ತಿದ ಬಸ್ಸು ಪ್ರತಿ ಸಲ ಬಕ್ಕೇಶನಿಗಿಂತ ಮೊದಲು ಹರಿಹರ ಮುಟ್ಟುತ್ತಿತ್ತು. ಬಸ್ಸಿನವರು ಹುಚ್ಚರಂತೆ ಓಡಿಸುತ್ತಾರೆಂಬ ವಿಷಯದಲ್ಲಿ ಗಂಡಹೆಂಡಿರಿಬ್ಬರಿಗೂ ಒಮ್ಮತವಿತ್ತು.

ಪರಮೇಶ್ವರಪ್ಪನವರು ಹೆದರಲಿಲ್ಲ. ದಾವಣಗೆರೆಗೆ ಬಂದವರು ಹಟ ಹಿಡಿದು ಅಳಿಯನ ಹಿಂದೆ ಕೂತು ಹರಿಹರಕ್ಕೆ ಹೊರಟರು. ದಾರಿಯುದ್ದಕ್ಕೂ ರಸ್ತೆ ನೋಡದೆ ಮೀಟರನ್ನೇ ನೋಡಿದರು. ತಮ್ಮ ಮನೆಯ ಬೀದಿಯ ತುದಿಗೆ ಬಂದಾಗಲೇ ಕೂಗಿದರು: "ಕಸ್ತೂರಿ! ನೂರಾ ಎರಡರಾಗೆ ಬಂದೆ! ಎಪ್ಪತ್ತರ ವಯಸ್ಸಿನಾಗೆ ನೂರಾ ಎರಡು!" ಹೆಂಡತಿ ಕಸ್ತೂರಮ್ಮ ದೃಷ್ಟಿ ತೆಗೆದರು. ಮುಂದೆ ದೇವಸ್ಥಾನದ ಕಟ್ಟೆಯ ಮೇಲೆ ಆ ನೂರಾ ಎರಡು ವಾರವಾರಕ್ಕೂ ಬೆಳೆಯುತ್ತ ಹೋಯಿತು.

ಹೀಗಿರುವಾಗ ವಾಣಿಶ್ರೀಯ ತಂಗಿಗೆ ಹರಿಹರದಲ್ಲೇ ಗಂಡು ಗೊತ್ತಾಯಿತು. ನಿಶ್ಚಿತಾರ್ಥದ ಬೆಳಿಗ್ಗೆ ನೋಡಿದರೆ, ಅಳತೆ ಸರಿಮಾಡಲು ದಾವಣಗೆರೆಯ ಅಕ್ಕಸಾಲಿಗನಿಗೆ ಕೊಟ್ಟಿದ್ದ ವರನ ಉಂಗುರವನ್ನು ಯಾರೂ ತಂದಿರಲಿಲ್ಲ. ಬೀಗರ ಕಡೆಯವರು ಆಗಲೇ ಬಂದು ಕೂತಿದ್ದರು. ಅವರಲ್ಲೊಬ್ಬರು ಕಾರು ಕಳಿಸುತ್ತೇನೆಂದರು.

"ಕಾರು ಯಾಕ್ರೀ?" ಎಂದರು ಪರಮೇಶ್ವರಪ್ಪ. "ನಮ್ಮ ಅಳಿಯಂದ್ರು ಅದಾರೆ. ನೂರರಾಗೆ ಹೋಗಿ ನೂರರಾಗೆ ಬರ್ತಾರೆ. ನೀವು ಉಪ್ಪಿಟ್ಟು ತಿನ್ರಿ, ಕೈ ತೊಳೆಯೋದ್ರಾಗೆ ಉಂಗುರ ಇಲ್ಲಿರ್ತೈತೆ."

ಬಕ್ಕೇಶನ ಮೈ ಜುಮ್ಮೆಂದಿತು. ಜೀವನದಲ್ಲಿ ಮೊದಲ ಸಲ ಅವಸರದ ಕೆಲಸಕ್ಕೆ ಅವನ ಹೆಸರು ಬಂದಿತ್ತು. ಹೋದ, ಉಂಗುರ ಜೇಬಿಗಿಳಿಸಿದ, ಹೊರಟ. ಬಾತಿಯ ಹತ್ತಿರ ಮೀಟರು ತೊಂಬತ್ತಾರು ತೋರಿಸುತ್ತಿದ್ದಾಗ ಎದುರಿಗೆ ಪೊಲೀಸ್ ಜೀಪು ಕಂಡಿತು. ಅದರ ಪಕ್ಕದಲ್ಲಿ ವೇಗ ಹಿಡಿಯುವ ಮಷೀನು. ಹೆಡ್ ಕಾನ್‌ಸ್ಟೇಬಲ್ ಹನುಮೇಶ್ ಕೈ ಅಡ್ಡ ಹಾಕಿದ.

ಬಕ್ಕೇಶ್ ಗಾಡಿ ನಿಲ್ಲಿಸಿ ಕೈ ಮುಗಿದ. "ತಪ್ಪಾತು ಸಾರ್. ನಿಶ್ಚಿತಾರ್ಥದ ಉಂಗುರ ಐತೆ, ಅವಸರ ಆತು. ದಂಡ ಬರ್ಕೊಳ್ರಿ."

"ಯಾವುದಕ್ಕೆ ದಂಡ? ಲೈಸೆನ್ಸ್ ನೋಡೋಕೆ ನಿಲ್ಸೀನಿ."

"ಸ್ಪೀಡಿಗೆ ಸಾರ್. ತೊಂಬತ್ತಾರು ಇತ್ತು."

ಹನುಮೇಶ್ ಗಾಡಿಯನ್ನು ನೋಡಿದ. ಬಕ್ಕೇಶನನ್ನು ನೋಡಿದ. ಜೀಪಿನಿಂದ ಕುಡಿತ ಪತ್ತೆಹಚ್ಚುವ ಯಂತ್ರ ತರಿಸಿದ. "ಊದ್ರಿ."

ಬಕ್ಕೇಶ್ ಊದಿದ. ಯಂತ್ರ ಸುಮ್ಮನಿತ್ತು.

"ನಮ್ಮ ಮಷೀನಿನಾಗೆ ನೀವು ನಲವತ್ತೆಂಟು, ಸಾವ್ಕಾರ್ರೆ. ಹೋಗ್ರಿ."

"ನಲವತ್ತೆಂಟು?" ಬಕ್ಕೇಶನಿಗೆ ಸಿಟ್ಟು ಬಂತು. "ನಿಮ್ಮ ಮಷೀನ್ ಕೆಟ್ಟೈತೆ. ನಂದು ಡಿಜಿಟಲ್. ತೊಂಬತ್ತಾರಕ್ಕೆ ಎಷ್ಟಾಗ್ತೈತೆ ಅಷ್ಟೂ ಬರೀರಿ, ರಶೀದಿ ಕೊಡ್ರಿ."

"ಇಷ್ಟು ವರ್ಷದಾಗೆ ನಿಮ್ಮ ಮಷೀನ್ ಕೆಟ್ಟೈತೆ, ನಾನು ಅಷ್ಟು ಜೋರು ಬಂದಿಲ್ಲ ಅಂದೋರನ್ನ ಬೇಕಾದಷ್ಟು ನೋಡೀನಿ," ಎಂದ ಹನುಮೇಶ್. "ಇಷ್ಟು ನಿಧಾನ ಬಂದಿಲ್ಲ ಅಂತ ಜಗಳ ತೆಗೆದೋರು ನೀವೇ ಮೊದಲು."

ಉಂಗುರ ಜೇಬಿನಲ್ಲೇ ಉಳಿಯಿತು, ಜಗಳ ಬೆಳೆಯಿತು. ಹಿಂದೆ ನಿಂತ ಬೈಕಿನವರು ತಮ್ಮ ದಂಡ ಬೇಗ ಬರೆದುಕೊಳ್ಳಿ ಎಂದು ಗೋಗರೆಯುವ ಮಟ್ಟಕ್ಕೆ ಹೋಯಿತು. ಕೊನೆಗೆ ಬೇಸತ್ತ ಹನುಮೇಶ್ ಜೀಪಿನಲ್ಲಿ ಚಾಲಕನ ಪಕ್ಕ ಕೂತು, "ನಾವು ಕರೆಕ್ಟ್ ನಲವತ್ತರಾಗೆ ಹೋಗ್ತೀವಿ, ನೀವು ಪಕ್ಕದಾಗೆ ಬರ್ರಿ. ನಿಮ್ಮದ್ರಾಗೆ ಎಷ್ಟು ಬರ್ತೈತೆ ಹೇಳ್ರಿ," ಎಂದ.

ಜೀಪೂ ಮೋಟರ್‌ಸೈಕಲ್ಲೂ ಜೋಡಿ ಎತ್ತಿನಂತೆ ಹೋದವು. ಬಕ್ಕೇಶ್ ಕೆಳಗೆ ನೋಡಿದ. ಎಂಬತ್ತು. ಪಕ್ಕದಲ್ಲಿ ಜೀಪಿನ ಚಾಲಕ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಬೇಯಿಸಿದ ಅವರೆಕಾಯಿ ಸುಲಿದು ತಿನ್ನುತ್ತಿದ್ದ. ಎಂಬತ್ತರಲ್ಲಿ ಹೋಗುವ ಮನುಷ್ಯ ಅವರೆಕಾಯಿ ಸುಲಿಯುವುದಿಲ್ಲ. ಅಂಕಿಗಳು ಮಾಡಲಾರದ ಕೆಲಸವನ್ನು ಆ ಸಿಪ್ಪೆ ಮಾಡಿತು. ಬಕ್ಕೇಶನಿಗೆ ಮೊಪೆಡ್ಡು, ಬಸ್ಸು, ಹರಿಹರದ ರಸ್ತೆ ಎಲ್ಲವೂ ಒಟ್ಟಿಗೆ ಅರ್ಥವಾದವು. ಜೀಪಿನವರಿಗೆ ಕೈ ಮುಗಿದು, ಇನ್ನು ಮೀಟರಿನ ಕಡೆ ನೋಡದೆ, ಎಡ ಅಂಚು ಹಿಡಿದು ಹೋದ.

ಅವನು ಮುಟ್ಟಿದಾಗ ಎರಡನೆಯ ಪಂಕ್ತಿ ಊಟಕ್ಕೆ ಕೂತಿತ್ತು. ಮುಹೂರ್ತ ಮೀರುತ್ತದೆಂದು ಕಸ್ತೂರಮ್ಮ ಗಂಡನ ಬೆರಳಿನ ಉಂಗುರವನ್ನೇ ಸೋಪು ಹಚ್ಚಿ ಎಳೆದು ಕೊಟ್ಟು ಕಾರ್ಯ ಮುಗಿಸಿದ್ದರು. ವರನ ತೆಳ್ಳನೆಯ ಬೆರಳಿನಲ್ಲಿ ಅದು ಬಳೆಯಂತೆ ತಿರುಗುತ್ತಿತ್ತು.

"ಏನಾತ್ರೀ?" ಎಂದಳು ವಾಣಿಶ್ರೀ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ನೂರರಲ್ಲಿ ಹೋದವನು ಬರಲಿಲ್ಲವೆಂದರೆ ಅವಳು ಏನೇನು ಯೋಚಿಸಿರಬಹುದೆಂದು ಬಕ್ಕೇಶನಿಗೆ ಆಗ ಹೊಳೆಯಿತು.

"ಪೊಲೀಸರು ಹಿಡಿದ್ರು."

"ಓವರ್ ಸ್ಪೀಡು!" ಎಂದರು ಪರಮೇಶ್ವರಪ್ಪ, ಬೀಗರಿಗೆ ಕೇಳುವಂತೆ. ಪಂಕ್ತಿಯ ತುಂಬ ಮೆಚ್ಚುಗೆಯ ಗುಸುಗುಸು ಹಬ್ಬಿತು.

"ಅಲ್ಲ ಮಾವಾರೆ. ಮೀಟರ್ ತಪ್ಪು ತೋರಿಸ್ತೈತೆ. ನಾನು ಹೋಗೋದು ನಲವತ್ತೆಂಟರಾಗೆ."

ಪರಮೇಶ್ವರಪ್ಪ ಅಳಿಯನ ತೋಳು ಹಿಡಿದು ಅಡುಗೆಮನೆಯ ಗೋಡೆಯ ಹಿಂದೆ ಎಳೆದೊಯ್ದರು. "ಏನು ಮಾತಾಡ್ತೀರಿ? ನಾನು ಕೂತಾಗ ನೂರಾ ಎರಡು ಇತ್ತು. ಕಣ್ಣಾರೆ ನೋಡೀನಿ. ಬೀಗರಿಗೆ ನೂರಾ ಹತ್ತು ಅಂತ ಹೇಳೀನಿ. ಪೊಲೀಸರ ಮಷೀನ್ ಕೆಟ್ಟೈತೆ, ಅಷ್ಟೇ. ಬಾಯಿ ಮುಚ್ಚಿಕೊಂಡು ಹೋಳಿಗೆ ತಿನ್ರಿ."

ಬಕ್ಕೇಶ್ ಹೋಳಿಗೆ ತಿಂದ. ಬೀಗರ ಕಡೆಯ ಯುವಕರು ಅವನ ಗಾಡಿಯ ಸುತ್ತ ನಿಂತು ಫೋಟೊ ತೆಗೆದುಕೊಂಡರು.

ಮಾರನೆಯ ದಿನ ಅವನು ಗಿರೀಶನ ಅಂಗಡಿಗೆ ಹೋಗಿ ವಿಷಯ ಹೇಳಿದ. ಗಿರೀಶ ಚಕ್ರ ತಿರುಗಿಸಿ ನೋಡಿ, ತಲೆ ಕೆರೆದು, ಒಂದು ಮ್ಯಾಗ್ನೆಟ್ ಕಿತ್ತ. "ಎರಡು ಹಾಕಿದ್ದು ತಪ್ಪಾತು ನೋಡ್ರಿ. ಅಲ್ಲ, ನೀವು ಕೇಳಿದ ಮೇಲೆ ಎಷ್ಟು ಜನಕ್ಕೆ ಎರಡೆರಡು ಹಾಕೀನಿ, ಒಬ್ಬರೂ ವಾಪಸ್ ಬಂದಿಲ್ಲ. ಕಮ್ಮಿ ತೋರಿಸಿದ್ರೆ ಜಗಳಕ್ಕೆ ಬರ್ತಾರೆ ಸಾವ್ಕಾರ್ರೆ, ಜಾಸ್ತಿ ತೋರಿಸಿದ್ರೆ ಯಾರು ಬರ್ತಾರೆ?"

ಆ ಭಾನುವಾರ ವಾಣಿಶ್ರೀ ಬಹಳ ದಿನಗಳ ಮೇಲೆ ಗಾಡಿ ಹತ್ತಿದಳು. ಮೀಟರು ನಲವತ್ತಾರು ತೋರಿಸುತ್ತಿತ್ತು. ಬಾತಿ ದಾಟುವವರೆಗೆ ಭುಜದ ಮೇಲಿಂದ ಅಂಕಿಯನ್ನೇ ನೋಡುತ್ತಿದ್ದವಳು ಆಮೇಲೆ ಮಾತು ಶುರುಮಾಡಿದಳು. ತಂಗಿಯ ಸೀರೆ, ಬೀಗತಿಯ ಬಿಗುಮಾನ, ಮಗಳ ಟ್ಯೂಷನ್ನು. ಇಷ್ಟು ದಿನ ಬಸ್ಸಿನಲ್ಲಿ ಯಾರೊಂದಿಗೂ ಆಡಲಾಗದೆ ಕೂಡಿಟ್ಟುಕೊಂಡ ಮಾತೆಲ್ಲ ಅವನ ಬೆನ್ನಿಗೆ ಸುರಿಯಿತು. ಬಕ್ಕೇಶನಿಗೆ ಅದು ಎಷ್ಟು ಹಿತವಾಯಿತೆಂದರೆ ಹರಿಹರ ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಎನ್ನಿಸಿತು.

ಸಂಜೆ ಪರಮೇಶ್ವರಪ್ಪನವರು ಹೊಳೆಯ ಕಡೆಗೆ ಒಂದು ಸುತ್ತು ಹೋಗೋಣವೆಂದು ಹಿಂದೆ ಕೂತರು. ಸ್ವಲ್ಪ ದೂರ ಹೋದ ಮೇಲೆ ಭುಜದ ಮೇಲಿಂದ ಬಗ್ಗಿ ಮೀಟರು ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದರು.

"ನಲವತ್ನಾಕು," ಎಂದರು ನೊಂದ ದನಿಯಲ್ಲಿ. "ಏನಾತು ಅಳಿಯಂದ್ರೆ ಗಾಡಿಗೆ? ಗಾಳಿಯಂಗೆ ಹೋಗ್ತಿತ್ತಲ್ಲ. ಆ ಗಿರೀಶ ಎಂಜಿನ್ನೇ ಕೆಡಿಸ್ಯಾನೆ. ನನ್ನ ಮಾತು ಕೇಳ್ರಿ, ಒಳ್ಳೇ ಮೆಕ್ಯಾನಿಕ್ ಹತ್ರ ತೋರಿಸ್ರಿ."

"ಆಗ್ಲಿ ಮಾವಾರೆ, ತೋರಿಸ್ತೀನಿ," ಎಂದ ಬಕ್ಕೇಶ್. ಎದುರಿಗೆ ಒಂದು ನಾಯಿ ರಸ್ತೆ ದಾಟಲೋ ಬೇಡವೋ ಎಂದು ನಿಂತಿತ್ತು. ಅವನು ಬ್ರೇಕು ಹಾಕಿ, ಅದು ತೀರ್ಮಾನಕ್ಕೆ ಬರುವವರೆಗೆ ಕಾದ.